ಹೊಸ ದಾದಿಯ ಮೊದಲ ವರ್ಷ

ಶುಶ್ರೂಷಾ ಶಾಲೆಗಳಲ್ಲಿ ದೀಪ ಬೆಳಗಿ ಪ್ರತಿಜ್ಞೆ ಸ್ವೀಕರಿಸುವ ಸಮಾರಂಭವೊಂದು ನಡೆಯುವುದುಂಟು. ಶುಭ್ರ ಉಡುಪಿನ ತರುಣಿಯರು ಸಾಲಾಗಿ ನಿಂತು, ರೋಗಿಗಳ ಹಿತಕ್ಕೆ ತಮ್ಮನ್ನು ಮುಡಿಪಾಗಿಡುವುದಾಗಿ ನುಡಿಯುವ ಆ ದೃಶ್ಯ ಹೆತ್ತವರ ಕಣ್ಣುಗಳನ್ನು ತೇವಗೊಳಿಸುತ್ತದೆ. ಪ್ರತಿಜ್ಞೆಗೆ ಫ್ಲಾರೆನ್ಸ್ ನೈಟಿಂಗೇಲರ ಹೆಸರಿದ್ದರೂ ಅದನ್ನು ರಚಿಸಿದವರು ಆಕೆಯಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಶುಶ್ರೂಷಾ ಶಾಲೆಯೊಂದರಲ್ಲಿ ಅದು ರೂಪುಗೊಂಡಿತು. ಅದೇನೇ ಇರಲಿ, ಆ ಪ್ರತಿಜ್ಞೆಯಲ್ಲಿ ಹೇಳದೆ ಉಳಿದ ಸಂಗತಿಗಳು ಅನೇಕ. ರಾತ್ರಿ ಎರಡು ಗಂಟೆಗೆ ಏಕಕಾಲಕ್ಕೆ ನಾಲ್ಕು ಹಾಸಿಗೆಗಳಿಂದ ಕರೆ ಬಂದಾಗ ಮೊದಲು ಎಲ್ಲಿಗೆ ಹೋಗಬೇಕು, ಅವಸರದ ಕೈಬರಹದಲ್ಲಿರುವ ಔಷಧದ ಹೆಸರು ತಿಳಿಯದಿದ್ದಾಗ ಯಾರನ್ನು ಎಬ್ಬಿಸಬೇಕು, ಬೆಳಿಗ್ಗೆ ಮಾತನಾಡಿದ್ದ ರೋಗಿ ಸಂಜೆಗೆ ತೀರಿಕೊಂಡರೆ ಅಳುವನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಆಸ್ಪತ್ರೆಗೆ ಸೇರಿದ ನಂತರವೇ.

ಮುಂಬಯಿ, ಪುಣೆ, ಹೈದರಾಬಾದ್ ಮೊದಲಾದ ಮಹಾನಗರಗಳ ಆಸ್ಪತ್ರೆಗಳಿಗೆ ಕರ್ನಾಟಕದಿಂದ ಬರುವ ತರುಣಿಯರಿದ್ದಾರೆ. ವಲಸೆ ಬಂದು ನೆಲೆಸಿದ ಕನ್ನಡ ಕುಟುಂಬಗಳ ಹೆಣ್ಣುಮಕ್ಕಳೂ ಈ ವೃತ್ತಿಯನ್ನು ಆರಿಸಿಕೊಳ್ಳುತ್ತಾರೆ. ಈಗ ತರುಣರೂ ಇದಕ್ಕೆ ಬರುತ್ತಿದ್ದಾರೆ. ವಾರ್ಡುಗಳಲ್ಲಿ ಅವರನ್ನು ‘ಬ್ರದರ್’ ಎಂದು ಕರೆಯುವುದು ವಾಡಿಕೆ. ಇವರೆಲ್ಲರ ಪಾಲಿಗೆ ವೃತ್ತಿಯ ಮೊದಲ ವರ್ಷವೇ ಅತ್ಯಂತ ಕಠಿನವಾದುದು. ವೃತ್ತಿಯಲ್ಲಿ ಉಳಿಯುವುದೋ ಬಿಡುವುದೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದೂ ಆ ವರ್ಷದಲ್ಲಿಯೇ.

ಶಾಲೆಗೂ ವಾರ್ಡಿಗೂ ನಡುವಿನ ಕಂದಕ

1974ರಲ್ಲಿ ಮಾರ್ಲೀನ್ ಕ್ರೇಮರ್ ಎಂಬ ಅಮೆರಿಕದ ವಿದುಷಿ ‘ರಿಯಾಲಿಟಿ ಶಾಕ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ದಾದಿಯರು ವೃತ್ತಿಯನ್ನೇಕೆ ತೊರೆಯುತ್ತಾರೆ ಎಂಬುದು ಅದರ ವಿಷಯ. ಶಾಲೆಯಲ್ಲಿ ಕಲಿತ ಆದರ್ಶ ಶುಶ್ರೂಷೆಗೂ ಆಸ್ಪತ್ರೆಯಲ್ಲಿ ಕಂಡ ಅವಸರದ ಶುಶ್ರೂಷೆಗೂ ಇರುವ ಅಂತರವೇ ಹೊಸಬರನ್ನು ಕಂಗೆಡಿಸುತ್ತದೆ ಎಂದು ಅವರು ವಿವರಿಸಿದರು. ಮೊದಲ ಕೆಲವು ವಾರಗಳಲ್ಲಿ ಎಲ್ಲವೂ ಸೊಗಸಾಗಿ ಕಾಣುತ್ತದೆ. ಮೊದಲ ಸಂಬಳ, ಹೊಸ ಗೆಳತಿಯರು, ‘ಸಿಸ್ಟರ್’ ಎಂಬ ಗೌರವದ ಕರೆ. ಅನಂತರ ಆಘಾತದ ಕಾಲ. ಕಲಿತದ್ದೆಲ್ಲ ವ್ಯರ್ಥವೆಂಬ ಕೋಪ, ತನಗೇನೂ ಬಾರದೆಂಬ ಕೀಳರಿಮೆ ಎರಡೂ ಒಟ್ಟಿಗೆ ಬರುತ್ತವೆ. ಮುಂದೆ ನಿಧಾನವಾಗಿ ಚೇತರಿಕೆ.

ಈ ಅಂತರ ಹೇಗೆ ಉಂಟಾಗುತ್ತದೆ ಎಂಬುದನ್ನು ತಿಳಿಯುವುದು ಕಷ್ಟವಲ್ಲ. ವಿದ್ಯಾರ್ಥಿನಿಯಾಗಿದ್ದಾಗ ಅವಳ ಪಾಲಿಗೆ ಬರುವವರು ಇಬ್ಬರೋ ಮೂವರೋ ರೋಗಿಗಳು. ಹಿಂದೆ ಬೋಧಕಿ ನಿಂತಿರುತ್ತಾರೆ. ಒಬ್ಬ ರೋಗಿಯ ಕುರಿತು ಪುಟಗಟ್ಟಲೆ ಶುಶ್ರೂಷಾ ಯೋಜನೆಯನ್ನು ಬರೆಯಲು ಸಮಯವಿರುತ್ತದೆ. ಕೆಲಸಕ್ಕೆ ಸೇರಿದ ಮಾರನೆಯ ತಿಂಗಳೇ ಅದೇ ಹುಡುಗಿಯ ಪಾಲಿಗೆ ಅರ್ಧ ವಾರ್ಡು ಬರುತ್ತದೆ, ಹಿಂದೆ ಯಾರೂ ಇರುವುದಿಲ್ಲ. ಮೂರು ವರ್ಷಗಳ ಡಿಪ್ಲೊಮಾ ಅಥವಾ ನಾಲ್ಕು ವರ್ಷಗಳ ಬಿ.ಎಸ್‌ಸಿ. ಪದವಿ ಅವಳಿಗೆ ಜ್ಞಾನವನ್ನು ಕೊಟ್ಟಿರುತ್ತದೆ, ವೇಗವನ್ನು ಕೊಟ್ಟಿರುವುದಿಲ್ಲ.

ಪೆಟ್ರೀಷಿಯ ಬೆನ್ನರ್ ಎಂಬುವರು 1984ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ದಾದಿಯ ಬೆಳವಣಿಗೆಯನ್ನು ಐದು ಹಂತಗಳಾಗಿ ವಿಂಗಡಿಸಿದ್ದಾರೆ. ಶಾಲೆಯಿಂದ ಹೊರಬಂದವಳು ಎರಡನೆಯ ಹಂತದಲ್ಲಿರುತ್ತಾಳೆ; ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ದುಡಿದ ಮೇಲೆಯೇ ಮೂರನೆಯದಾದ ಸಮರ್ಥತೆಯ ಹಂತವನ್ನು ತಲಪುತ್ತಾಳೆ ಎಂಬುದು ಅವರ ಅಭಿಪ್ರಾಯ. ಇದನ್ನು ಬಲ್ಲ ಆಡಳಿತಗಾರರು ಹೊಸಬಳನ್ನು ತಿಂಗಳಿಗೊಂದು ವಾರ್ಡಿಗೆ ಎತ್ತಿಹಾಕುವುದಿಲ್ಲ. ದುರದೃಷ್ಟವಶಾತ್ ಎಲ್ಲಿ ಆಳು ಕಡಮೆಯೋ ಅಲ್ಲಿಗೆ ಹೊಸಬಳನ್ನು ಕಳುಹಿಸುವುದೇ ಅನೇಕ ಕಡೆಗಳಲ್ಲಿ ಪದ್ಧತಿಯಾಗಿದೆ. ಬ್ಯಾಂಕಿಗೆ ಹೊಸದಾಗಿ ಸೇರಿದ ಅಧಿಕಾರಿಯ ಕೈಗೆ ಮೊದಲ ವಾರವೇ ಯಾರೂ ತಿಜೋರಿಯ ಬೀಗದಕೈಯನ್ನು ಕೊಡುವುದಿಲ್ಲ. ಕೌಂಟರಿನಲ್ಲಿ ಹಣ ಕಡಮೆ ಬಿದ್ದರೆ ಅದು ಆ ಸಂಜೆಯೇ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ, ತುಂಬಿಕೊಡಲೂಬಹುದು. ವಾರ್ಡಿನ ತಪ್ಪಿಗೆ ಅಂಥ ಸಂಜೆಯ ತಾಳೆ ಇಲ್ಲ.

ಹಾಸಿಗೆಗಳ ಲೆಕ್ಕ

ಎಷ್ಟು ರೋಗಿಗಳಿಗೆ ಎಷ್ಟು ದಾದಿಯರಿರಬೇಕೆಂಬುದಕ್ಕೆ ಭಾರತೀಯ ಶುಶ್ರೂಷಾ ಪರಿಷತ್ತು ಪ್ರಮಾಣವನ್ನು ಹಾಕಿಕೊಟ್ಟಿದೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ ಐದು ಹಾಸಿಗೆಗೆ ಒಬ್ಬರು, ತೀವ್ರ ನಿಗಾ ಘಟಕದಲ್ಲಿ ಪ್ರತಿ ಹಾಸಿಗೆಗೂ ಒಬ್ಬರು. ಇದಲ್ಲದೆ ರಜೆಗಾಗಿ ಶೇಕಡಾ 30ರಷ್ಟು ಹೆಚ್ಚುವರಿ. ಕಾಗದದ ಮೇಲಿನ ಈ ಪ್ರಮಾಣ ರಾತ್ರಿಪಾಳಿಯಲ್ಲಿ ಎಲ್ಲಿಗೋ ಮಾಯವಾಗಿರುತ್ತದೆ. ದೊಡ್ಡ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಹಾಸಿಗೆಗಳು ತುಂಬಿ ನೆಲದ ಮೇಲೂ ರೋಗಿಗಳು ಮಲಗಿರುವುದು ಮುಂಬಯಿಯ ಜನರಿಗೆ ಹೊಸ ದೃಶ್ಯವಲ್ಲ.

ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗಿನ ಪಾಳಿಯಲ್ಲಿ 720 ನಿಮಿಷಗಳಿವೆ. ಒಬ್ಬಳೇ ದಾದಿ ಮೂವತ್ತು ರೋಗಿಗಳನ್ನು ನೋಡಿಕೊಳ್ಳಬೇಕಾದಲ್ಲಿ ತಲೆಗೆ 24 ನಿಮಿಷ. ಔಷಧ ಕೊಡುವುದು, ನಾಡಿ, ರಕ್ತದೊತ್ತಡ, ಜ್ವರ ನೋಡುವುದು, ಸಲೈನು ಬದಲಿಸುವುದು, ಬಟ್ಟೆ ಒದ್ದೆಯಾದವರನ್ನು ಶುಚಿಗೊಳಿಸುವುದು, ಮೈ ಹೊರಳಿಸುವುದು, ಎಲ್ಲವನ್ನೂ ಬರೆದಿಡುವುದು ಇಷ್ಟರಲ್ಲಿಯೇ ಆಗಬೇಕು. ಒಬ್ಬ ರೋಗಿಯ ಸ್ಥಿತಿ ಬಿಗಡಾಯಿಸಿ ಎರಡು ಗಂಟೆ ಅಲ್ಲಿಯೇ ನಿಲ್ಲಬೇಕಾದರೆ ಉಳಿದ ಇಪ್ಪತ್ತೊಂಬತ್ತು ಮಂದಿಗೆ ತಲಾ ಮೂರು ನಿಮಿಷಕ್ಕೂ ಹೆಚ್ಚು ಕಡಿತ.

ಆದುದರಿಂದ ಹೊಸಬಳು ಕಲಿಯಬೇಕಾದ ಮೊದಲ ವಿದ್ಯೆ ಯಾವುದು ಮೊದಲು, ಯಾವುದು ಅನಂತರ ಎಂಬ ವಿವೇಚನೆ. ಗಟ್ಟಿಯಾಗಿ ಕೂಗುವ ರೋಗಿಯ ಕಡೆಗೆ ಓಡುವುದು ಮನುಷ್ಯ ಸಹಜ. ಆದರೆ ಕೂಗಲು ಶಕ್ತಿಯುಳ್ಳವನ ಉಸಿರಾಟ ಚೆನ್ನಾಗಿರುತ್ತದೆ. ಶಸ್ತ್ರಚಿಕಿತ್ಸೆಯಾದ ಸಂಜೆ ಯಾರಿಗೂ ತೊಂದರೆ ಕೊಡದೆ ಸುಮ್ಮನೆ ಮಲಗಿ ಬೆವರುತ್ತಿರುವವನೇ ಹೆಚ್ಚು ಅಪಾಯದಲ್ಲಿರಬಹುದು. ವಯಸ್ಕರ ಉಸಿರಾಟ ನಿಮಿಷಕ್ಕೆ 12ರಿಂದ 20. ಯಂತ್ರ ತೋರಿಸದ ಕಾರಣ ಇದನ್ನು ಎಣಿಸದೆಯೇ ತಖ್ತೆಯಲ್ಲಿ ಎಲ್ಲರಿಗೂ 20 ಎಂದು ತುಂಬಿಬಿಡುವ ಅಭ್ಯಾಸ ಕೆಲವೆಡೆ ಬೇರೂರಿದೆ. ಇದು ಸಣ್ಣ ಸುಳ್ಳಲ್ಲ. ದೇಹದೊಳಗೆ ಕೇಡು ಆರಂಭವಾದಾಗ ರಕ್ತದೊತ್ತಡ ಕುಸಿಯುವ ಮುನ್ನವೇ ಅನೇಕ ಬಾರಿ ಉಸಿರಿನ ಗತಿ ಏರಿರುತ್ತದೆ. ಮೂತ್ರದ ಪ್ರಮಾಣವೂ ಹಾಗೆಯೇ: ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಅರ್ಧ ಮಿಲಿಲೀಟರ್, ಅಂದರೆ 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರಿಗಿಂತ ಕಡಮೆಯಾದರೆ ವೈದ್ಯರಿಗೆ ತಿಳಿಸಬೇಕು. ಚೀಲ ತುಂಬಿಲ್ಲವಾದ್ದರಿಂದ ಖಾಲಿ ಮಾಡುವ ಕೆಲಸ ಉಳಿಯಿತೆಂದು ಸಮಾಧಾನಪಡುವುದು ಹೊಸಬರಲ್ಲಿ ಕಂಡುಬರುವ ದೋಷ.

ಪಾಳಿ ಬದಲಾಗುವಾಗಿನ ಹಸ್ತಾಂತರವೂ ಇಷ್ಟೇ ಮಹತ್ವದ್ದು. ಕೆಲಸ ಮುಗಿಸಿ ರೈಲು ಹಿಡಿಯುವ ತವಕದಲ್ಲಿರುವವಳು, ಆಗತಾನೆ ರೈಲಿನಿಂದ ಇಳಿದು ಏದುಸಿರು ಬಿಡುತ್ತಿರುವವಳು, ಇಬ್ಬರ ನಡುವೆ ಮೂವತ್ತು ಜೀವಗಳ ವರ್ತಮಾನ ಕೈ ಬದಲಾಗಬೇಕು. ಮೇಜಿನ ಬಳಿ ನಿಂತು ಹೇಳುವುದಕ್ಕಿಂತ ಹಾಸಿಗೆಯಿಂದ ಹಾಸಿಗೆಗೆ ನಡೆದು ಹೇಳುವುದು ಮೇಲು. ಈಗ ಏನಾಗಿದೆ, ಹಿನ್ನೆಲೆ ಏನು, ತನ್ನ ಅಂದಾಜು ಏನು, ಮುಂದೆ ಏನಾಗಬೇಕು ಎಂಬ ಕ್ರಮದಲ್ಲಿ ಹೇಳಿದರೆ ಬಿಟ್ಟುಹೋಗುವುದು ಕಡಮೆ. ರಾತ್ರಿ ವೈದ್ಯರಿಗೆ ದೂರವಾಣಿ ಮಾಡುವಾಗಲೂ ಇದೇ ಕ್ರಮ ಉಪಯುಕ್ತ. ‘ಡಾಕ್ಟರೇ, ಹತ್ತನೆಯ ಹಾಸಿಗೆಯವರು ಯಾಕೋ ಸರಿಯಿಲ್ಲ’ ಎಂದರೆ ನಿದ್ದೆಗಣ್ಣಿನ ವೈದ್ಯರು ಗದರಿಯಾರು; ‘ನಿನ್ನೆ ಕರುಳಿನ ಶಸ್ತ್ರಚಿಕಿತ್ಸೆಯಾದವರು, ಉಸಿರು ನಿಮಿಷಕ್ಕೆ 30, ನಾಡಿ 124, ತಾವು ಬಂದು ನೋಡಬೇಕು’ ಎಂದರೆ ಎದ್ದು ಬರುತ್ತಾರೆ.

ಔಷಧ ಕೊಡುವ ಕೈ

ವೈದ್ಯರು ಬರೆಯುತ್ತಾರೆ, ಔಷಧದ ಅಂಗಡಿಯವರು ಕೊಡುತ್ತಾರೆ. ರೋಗಿಯ ದೇಹಕ್ಕೆ ಔಷಧ ಸೇರುವುದು ದಾದಿಯ ಕೈಯಿಂದ. ಮೊದಲಿಬ್ಬರ ತಪ್ಪನ್ನು ತಡೆಯಬಲ್ಲವಳೂ ಅವಳೇ. ಅವಳ ತಪ್ಪನ್ನು ತಡೆಯುವವರು ಆಮೇಲೆ ಯಾರೂ ಇಲ್ಲ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ ಎಂಬ ಐದು ‘ಸರಿ’ಗಳನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ವಾರ್ಡಿನ ಗದ್ದಲದಲ್ಲಿ ಮೊದಲು ಮರೆಯುವುದು ಮೊದಲನೆಯದನ್ನೇ. ‘ಪಾಟೀಲರು ನೀವೇ ಅಲ್ಲವೇ?’ ಎಂದು ಕೇಳಿದರೆ ಅರೆನಿದ್ರೆಯ ದೇಶಪಾಂಡೆಯವರೂ ತಲೆಯಾಡಿಸಿಬಿಡುತ್ತಾರೆ. ‘ನಿಮ್ಮ ಹೆಸರೇನು?’ ಎಂದು ಕೇಳಿ, ಅವರ ಬಾಯಿಂದಲೇ ಹೇಳಿಸಿ, ಕೈಪಟ್ಟಿಯೊಂದಿಗೆ ತಾಳೆ ನೋಡಬೇಕು. ಒಂದೇ ವಾರ್ಡಿನಲ್ಲಿ ಮೂವರು ಪಾಟೀಲರೂ ಇಬ್ಬರು ಶೆಟ್ಟರೂ ಇರುವ ಊರಿನಲ್ಲಿ ಇದು ಅನಿವಾರ್ಯ.

ಇನ್ಸುಲಿನ್ ಕೊಡುವಲ್ಲಿನ ಒಂದು ಲೆಕ್ಕವನ್ನು ಇಲ್ಲಿ ವಿಸ್ತಾರವಾಗಿ ಹೇಳಬೇಕಾಗಿದೆ. ಮಧುಮೇಹವುಳ್ಳ ಓದುಗರ ಮನೆಗಳಿಗೂ ಅದು ಅನ್ವಯಿಸುತ್ತದೆ. ಭಾರತದಲ್ಲಿ ಎರಡು ಸಾಂದ್ರತೆಯ ಇನ್ಸುಲಿನ್ ದೊರೆಯುತ್ತದೆ: ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಒಂದೊಂದಕ್ಕೂ ಬೇರೆ ಸಿರಿಂಜು. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಈಗ ವೈದ್ಯರು 20 ಯೂನಿಟ್ ಬರೆದಿದ್ದಾರೆ. ರೋಗಿ ಮನೆಯಿಂದ ತಂದ ಸೀಸೆ 100ರದ್ದು, ವಾರ್ಡಿನ ತಟ್ಟೆಯಲ್ಲಿರುವ ಸಿರಿಂಜು 40ರದ್ದು. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಅದು ಅರ್ಧ ಮಿಲಿಲೀಟರ್. ಈ ಸೀಸೆಯ ಅರ್ಧ ಮಿಲಿಲೀಟರಿನಲ್ಲಿರುವುದು 50 ಯೂನಿಟ್. ಹೇಳಿದ್ದಕ್ಕಿಂತ ಎರಡೂವರೆ ಪಟ್ಟು! ತಿರುಗುಮುರುಗಾದರೆ, ಅಂದರೆ 40ರ ಸೀಸೆಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ, ಸೇರುವುದು ಬರೇ 8 ಯೂನಿಟ್. ಮೊದಲನೆಯ ತಪ್ಪಿನಲ್ಲಿ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿದು ರೋಗಿ ಬೆವರುತ್ತಾನೆ, ನಡುಗುತ್ತಾನೆ, ತೊದಲುತ್ತಾನೆ, ಕೊನೆಗೆ ಎಚ್ಚರ ತಪ್ಪುತ್ತಾನೆ. ಹಗಲಾದರೆ ಯಾರಾದರೂ ಗಮನಿಸಿಯಾರು. ರಾತ್ರಿ ಅದು ಗಾಢನಿದ್ರೆಯಂತೆಯೇ ಕಾಣುತ್ತದೆ.

ಪೊಟ್ಯಾಸಿಯಂ ಕ್ಲೋರೈಡಿನ ಚಿಕ್ಕ ಸೀಸೆ ಇನ್ನೊಂದು ಉದಾಹರಣೆ. ಹತ್ತು ಮಿಲಿಲೀಟರಿನ ಆ ತಿಳಿದ್ರವ ನೋಡಲು ಶುದ್ಧೀಕರಿಸಿದ ನೀರಿನ ಸೀಸೆಯಂತೆಯೇ ಇರುತ್ತದೆ. ಹೆಚ್ಚು ಸಲೈನಿನಲ್ಲಿ ಬೆರೆಸಿ ನಿಧಾನವಾಗಿ ಕೊಟ್ಟರೆ ಔಷಧ, ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಇದಕ್ಕೆ ಪರಿಹಾರ ಬುದ್ಧಿವಾದವಲ್ಲ, ವ್ಯವಸ್ಥೆ. ಅದನ್ನು ಬೇರೆ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಬಳಸುವಾಗ ಇಬ್ಬರು ದಾದಿಯರು ಪ್ರತ್ಯೇಕವಾಗಿ ಓದಿ ನೋಡಿ ಸಹಿ ಮಾಡಬೇಕು. ಬ್ಯಾಂಕಿನ ತಿಜೋರಿಗೆ ಇಬ್ಬರ ಬಳಿ ಬೇರೆ ಬೇರೆ ಬೀಗದಕೈ ಇರುವುದು ಇಬ್ಬರಲ್ಲಿ ಯಾರೂ ಪ್ರಾಮಾಣಿಕರಲ್ಲ ಎಂಬ ಅನುಮಾನದಿಂದಲ್ಲ. ಒಬ್ಬರೇ ಇದ್ದಾಗ ಆಗುವ ಕೈತಪ್ಪು ಇಬ್ಬರಿದ್ದಾಗ ಆಗುವುದಿಲ್ಲವೆಂಬ ಅನುಭವದಿಂದ.

ಸಲೈನಿನ ಹನಿಗಳ ಲೆಕ್ಕವೂ ಮೊದಲ ತಿಂಗಳುಗಳಲ್ಲಿ ತಲೆನೋವು ತರುತ್ತದೆ. ಒಟ್ಟು ಮಿಲಿಲೀಟರನ್ನು ಕೊಳವೆಯ ಹನಿಸಂಖ್ಯೆಯಿಂದ ಗುಣಿಸಿ ನಿಮಿಷಗಳಿಂದ ಭಾಗಿಸಬೇಕು. ಮಿಲಿಲೀಟರಿಗೆ 20 ಹನಿ ಬೀಳುವ ಕೊಳವೆಯಲ್ಲಿ 500 ಮಿಲಿಲೀಟರನ್ನು ನಾಲ್ಕು ಗಂಟೆಗಳಲ್ಲಿ ಕೊಡಬೇಕಾದರೆ 10,000ವನ್ನು 240ರಿಂದ ಭಾಗಿಸಿ ನಿಮಿಷಕ್ಕೆ ಸುಮಾರು 42 ಹನಿ. ಮಕ್ಕಳಿಗೆ ಬಳಸುವ ಸೂಕ್ಷ್ಮ ಕೊಳವೆಯಲ್ಲಿ ಮಿಲಿಲೀಟರಿಗೆ 60 ಹನಿ. ಕೊಳವೆಯ ಪೊಟ್ಟಣದ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಓದದೆ ಕಣ್ಣಂದಾಜಿನಲ್ಲಿ ಬಿಟ್ಟರೆ, ದುರ್ಬಲ ಹೃದಯದ ವೃದ್ಧರ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ವೈದ್ಯರು ಬಾಯಿಮಾತಿನಲ್ಲಿ ಹೇಳಿದ ಔಷಧವನ್ನು ಬರೆದುಕೊಂಡು, ಅವರಿಗೇ ತಿರುಗಿ ಓದಿಹೇಳಿ, ‘ಹೌದು’ ಎನಿಸಿಕೊಂಡ ಬಳಿಕವೇ ಕೊಡಬೇಕು. ಹೊಸಬಳಿಗೆ ಇದು ಸುಲಭವಲ್ಲ; ಹಿರಿಯ ವೈದ್ಯರನ್ನು ಮರುಪ್ರಶ್ನಿಸುವುದೆಂದರೆ ಉದ್ಧಟತನವೆಂದು ತಿಳಿಯುವ ಸಂಸ್ಕಾರದಲ್ಲಿ ಅವಳು ಬೆಳೆದಿರುತ್ತಾಳೆ. ಇದಕ್ಕಿಂತ ಕಠಿನವಾದುದು ತಪ್ಪು ನಡೆದ ಮೇಲಿನ ಗಳಿಗೆ. ಬೈಗುಳಕ್ಕೂ ಸಂಬಳ ಕಡಿತಕ್ಕೂ ಹೆದರಿ ಅವಳು ಸುಮ್ಮನಾದರೆ, ಹತ್ತು ನಿಮಿಷಗಳಲ್ಲಿ ಸಕ್ಕರೆಯ ದ್ರಾವಣ ಕೊಟ್ಟು ಉಳಿಸಬಹುದಾಗಿದ್ದ ಜೀವ ಹೋಗಬಹುದು. ತಪ್ಪನ್ನು ಒಡನೆಯೇ ಹೇಳಿದವಳನ್ನು ಎಲ್ಲರ ಮುಂದೆ ಹೀಯಾಳಿಸುವ ಮೇಲ್ವಿಚಾರಕಿ ಮುಂದಿನ ತಪ್ಪುಗಳನ್ನು ಮುಚ್ಚಿಡುವ ಪಾಠವನ್ನು ಇಡೀ ವಾರ್ಡಿಗೆ ಕಲಿಸಿದಂತಾಗುತ್ತದೆ.

ಅವಳ ಸ್ವಂತ ಆರೋಗ್ಯ

ಸೂಜಿ ಚುಚ್ಚಿಕೊಳ್ಳುವುದು ಈ ವೃತ್ತಿಯ ನಿತ್ಯದ ಅಪಾಯ. ಸೋಂಕುಳ್ಳ ರಕ್ತದ ಸೂಜಿ ಚುಚ್ಚಿದರೆ ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ‘ಬಿ’ ತಗಲುವ ಸಂಭವ ಶೇಕಡಾ 6ರಿಂದ 30; ಎಚ್.ಐ.ವಿ. ತಗಲುವ ಸಂಭವ ಶೇಕಡಾ 0.3. ಎರಡನೆಯದಕ್ಕೆ ಹೆದರಿ ಮೊದಲನೆಯದನ್ನು ಮರೆಯುವುದು ವಿಪರ್ಯಾಸ. ಹೆಪಟೈಟಿಸ್ ‘ಬಿ’ ಲಸಿಕೆಯ ಮೂರು ವರಸೆಗಳು ಆರಂಭದಲ್ಲೊಮ್ಮೆ, ಒಂದು ತಿಂಗಳ ಬಳಿಕ, ಆರು ತಿಂಗಳ ಬಳಿಕ ಆಗಬೇಕು. ಕೆಲಸಕ್ಕೆ ಸೇರುವ ಮುನ್ನವೇ ಇವನ್ನು ಮುಗಿಸಿರುವುದು ಲೇಸು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ತೊಡಿಸಲು ಹೋಗುವುದೇ ಚುಚ್ಚಿಕೊಳ್ಳುವುದಕ್ಕೆ ದೊಡ್ಡ ಕಾರಣ. ಚುಚ್ಚಿದಲ್ಲಿ ಹಿಂಡಬಾರದು, ಬಾಯಲ್ಲಿಡಬಾರದು. ಸಾಬೂನು ನೀರಿನಿಂದ ತೊಳೆದು ಕೂಡಲೇ ವರದಿ ಮಾಡಬೇಕು. ಎಚ್.ಐ.ವಿ. ತಡೆಯುವ ಮಾತ್ರೆಗಳನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ಯಾವ ಕಾರಣಕ್ಕೂ 72 ಗಂಟೆ ಮೀರದಂತೆ ಆರಂಭಿಸಿ 28 ದಿನ ಸೇವಿಸಬೇಕು. ‘ಯಾರಿಗಾದರೂ ಗೊತ್ತಾದರೆ ಮದುವೆಗೆ ತೊಡಕು’ ಎಂಬ ಅಳುಕಿನಿಂದ ಈ 72 ಗಂಟೆಗಳನ್ನು ಕಳೆದುಕೊಳ್ಳಬಾರದು.

ಕೈ ತೊಳೆಯುವುದರ ಮಹತ್ವವನ್ನು 1847ರಲ್ಲಿಯೇ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ತೋರಿಸಿಕೊಟ್ಟಿದ್ದಾರೆ. ಬೆನ್ನುನೋವಿನ ವಿಷಯ: ರೋಗಿಯನ್ನು ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಬೇಕು, ಒಬ್ಬಳೇ ಎತ್ತಬಾರದು.

ರಾತ್ರಿಪಾಳಿಯಲ್ಲಿ ಬೆಳಗಿನ ಜಾವ ಮೂರರಿಂದ ಐದರವರೆಗಿನ ಸಮಯ ದೇಹದ ಗಡಿಯಾರದಂತೆ ಅತಿ ಮಂದ. ಲೆಕ್ಕ ತಪ್ಪುವುದೂ ಆಗಲೇ. ಆ ಹೊತ್ತಿನ ಔಷಧಗಳನ್ನು ಎರಡು ಬಾರಿ ನೋಡುವುದು ಒಳ್ಳೆಯ ಅಭ್ಯಾಸ. ಬೆಳಿಗ್ಗೆ ಮನೆಗೆ ಮರಳಿದವಳಿಗೆ ಕತ್ತಲೆಯ ಕೋಣೆ, ಆರೇಳು ಗಂಟೆಗಳ ಮೌನ ಬೇಕು. ಎರಡು ಕೋಣೆಗಳ ಮುಂಬಯಿಯ ಮನೆಯಲ್ಲಿ ಇದು ಸುಲಭವಲ್ಲವೆಂಬುದು ನಿಜ. ಆದರೆ ಹಗಲು ಮನೆಯಲ್ಲಿರುವ ಮಗಳೋ ಸೊಸೆಯೋ ‘ಹೇಗೂ ಖಾಲಿ’ ಎಂದು ಅಡಿಗೆ, ಅಂಗಡಿ, ನೆಂಟರ ಉಪಚಾರಗಳನ್ನು ಅವಳಿಗೆ ಒಪ್ಪಿಸುವ ಮನೆಯವರು, ಆ ರಾತ್ರಿ ಅವಳ ಕೈಯಲ್ಲಿರುವ ಸಿರಿಂಜನ್ನು ನೆನೆಯಬೇಕು.

ರಾತ್ರಿಯ ದಾರಿ

ಮುಂಬಯಿಯ ಕನ್ನಡಿಗರು ದಾದಿಯರ ಸುರಕ್ಷತೆಯ ಮಾತನಾಡುವಾಗ ಒಂದು ಹೆಸರನ್ನು ಬಿಡಲಾಗದು. ಹೊನ್ನಾವರದ ಹತ್ತಿರದ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಿರಿಯ ದಾದಿಯಾಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ಆಸ್ಪತ್ರೆಯ ಆವರಣದಲ್ಲಿಯೇ ಅಲ್ಲಿನ ನೌಕರನೊಬ್ಬ ಅತ್ಯಾಚಾರ ಎಸಗಿದ. ಕುತ್ತಿಗೆಗೆ ಬಿಗಿದ ಸರಪಣಿಯಿಂದ ಮೆದುಳಿಗೆ ರಕ್ತ ಸೇರದೆ ಆಕೆ ಮತ್ತೆ ಚೇತರಿಸಿಕೊಳ್ಳಲಿಲ್ಲ. 2015ರ ಮೇ 18ರಂದು ಕಣ್ಣುಮುಚ್ಚುವವರೆಗೆ, ನಲವತ್ತೊಂದು ವರ್ಷಗಳಿಗೂ ಮೀರಿ, ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಆಕೆಯ ಸೇವೆ ಮಾಡಿದರು. ಇಷ್ಟು ದೀರ್ಘಕಾಲ ಹಾಸಿಗೆ ಹಿಡಿದಿದ್ದರೂ ಆಕೆಗೆ ಹಾಸಿಗೆಹುಣ್ಣು ಆಗಿರಲಿಲ್ಲವೆಂಬುದನ್ನು 2011ರ ಮಾರ್ಚ್ 7ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಗುರುತಿಸಿತು. ನಿಷ್ಕ್ರಿಯ ದಯಾಮರಣದ ಕುರಿತಾದ ಆ ತೀರ್ಪಿನ ಕಾನೂನು ಚರ್ಚೆ ಎಲ್ಲರಿಗೂ ಗೊತ್ತು. ದಿನವೂ ಎರಡು ಮೂರು ಗಂಟೆಗೊಮ್ಮೆ ಮೈ ಹೊರಳಿಸದೆ ಹುಣ್ಣಾಗದಂತೆ ಕಾಪಾಡಲು ಸಾಧ್ಯವಿಲ್ಲವೆಂಬುದು ಶುಶ್ರೂಷೆ ಬಲ್ಲವರಿಗೆ ಮಾತ್ರ ಗೊತ್ತು.

ಅಂದು ಆಕೆ ಬಟ್ಟೆ ಬದಲಿಸಲು ಹೋಗಿದ್ದುದು ನೆಲಮಾಳಿಗೆಯ ನಿರ್ಜನ ಕೋಣೆಗೆ. ಹೊಸದಾಗಿ ಸೇರುವವಳು ಮೊದಲ ದಿನವೇ ವಿಚಾರಿಸಬೇಕಾದ ಸಂಗತಿಗಳು ಇದರಿಂದ ಸ್ಪಷ್ಟವಾಗುತ್ತವೆ: ಬಟ್ಟೆ ಬದಲಿಸುವ ಕೋಣೆ ಎಲ್ಲಿದೆ, ಒಳಗಿನಿಂದ ಚಿಲಕವಿದೆಯೇ, ವಾರ್ಡಿನಿಂದ ಪ್ರಯೋಗಾಲಯಕ್ಕೆ ಹೋಗುವ ಓಣಿಯಲ್ಲಿ ದೀಪವಿದೆಯೇ, ಪಾಳಿ ಮುಗಿದ ಮೇಲೆ ವಾಹನದ ವ್ಯವಸ್ಥೆಯಿದೆಯೇ. 2013ರ ಕಾಯಿದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಸ್ಥಳದಲ್ಲಿಯೂ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅದರ ಸದಸ್ಯರ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು. ರೋಗಿಯ ಕಡೆಯವರು ಕೈಮಾಡಿದರೆ ಮಹಾರಾಷ್ಟ್ರದಲ್ಲಿ 2010ರ, ಕರ್ನಾಟಕದಲ್ಲಿ 2009ರ ಕಾಯಿದೆ ವೈದ್ಯರಿಗೆ ಮಾತ್ರವಲ್ಲ, ದಾದಿಯರಿಗೂ ರಕ್ಷಣೆ ಕೊಡುತ್ತದೆ.

ಭಾಷೆ ಮತ್ತು ಜನ

ಹುಬ್ಬಳ್ಳಿ, ವಿಜಯಪುರ, ಬೆಳಗಾವಿಗಳ ಕಡೆಯಿಂದ ಬಂದವರಿಗೆ ಮರಾಠಿ ವಾರ್ಡು ಅಷ್ಟೇನೂ ಅಪರಿಚಿತವಲ್ಲ. ‘ತ್ರಾಸ’ ಎಂದರೂ ‘ಚಕ್ಕರ್’ ಎಂದರೂ ‘ಜುಲಾಬ್’ ಎಂದರೂ ಅವರಿಗೆ ಮನೆಯ ಮಾತೇ. ಹಾಸನ, ಮೈಸೂರುಗಳ ಹುಡುಗಿಗೆ ಮೊದಲ ತಿಂಗಳು ದಿಕ್ಕು ತಪ್ಪುತ್ತದೆ. ರೋಗಿ ‘ಉಲಟೀ ಝಾಲೀ’ ಎಂದರೆ ಏನೋ ಉಲ್ಟಾ ಆಯಿತೆಂದಲ್ಲ, ವಾಂತಿಯಾಯಿತೆಂದು! ‘ಕುಠೇ ದುಖ್ತಂಯ್?’ ಎಂದು ಎಲ್ಲಿ ನೋಯುತ್ತಿದೆಯೆಂದು ಕೇಳುವುದರಿಂದ ಆರಂಭಿಸಿ ಐವತ್ತು ವಾಕ್ಯಗಳನ್ನು ಚಿಕ್ಕ ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆದಿಟ್ಟುಕೊಂಡು ಕಲಿಯಬಹುದು. ಜತೆಯ ದಾದಿಯರಲ್ಲಿ ಮಲಯಾಳಂ ಮಾತಿನವರು ಅನೇಕರಿರುತ್ತಾರೆ. ತಮ್ಮೊಳಗೆ ತಮ್ಮ ಭಾಷೆಯಲ್ಲಿ ಮಾತನಾಡಿಕೊಳ್ಳುವುದು ಎಲ್ಲರಿಗೂ ಸಹಜ. ಆದರೆ ಹಸ್ತಾಂತರದ ಮಾತು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿರಬೇಕೆಂದು ಕೇಳಲು ಹೊಸಬಳು ಸಂಕೋಚಪಡಬೇಕಾಗಿಲ್ಲ.

ವಾರ್ಡಿನ ‘ಮಾಮಾ’ ಮತ್ತು ‘ಮಾವಶಿ’ಯರ ವಿಶ್ವಾಸ ಗಳಿಸದೆ ಮುಂಬಯಿಯ ಆಸ್ಪತ್ರೆಯಲ್ಲಿ ಒಂದು ದಿನವೂ ನಡೆಯದು. ಇಪ್ಪತ್ತೈದು ವರ್ಷ ಅಲ್ಲಿಯೇ ಸವೆಸಿದ ಅವರಿಗೆ ಪದವೀಧರೆಗೆ ತಿಳಿಯದ ಎಷ್ಟೋ ಸಂಗತಿ ತಿಳಿದಿರುತ್ತದೆ. ಹಿರಿಯ ದಾದಿಯರಲ್ಲಿ ಪ್ರೀತಿಯಿಂದ ಕಲಿಸುವವರಿದ್ದಾರೆ. ‘ನಾವೂ ಹೀಗೆಯೇ ಅನುಭವಿಸಿ ಬಂದವರು’ ಎಂದು ಹೊಸಬಳನ್ನು ಅಳಿಸಿಯೇ ತೃಪ್ತಿಪಡುವವರೂ ಇದ್ದಾರೆ. ಎರಡನೆಯ ಬಗೆಯ ಶಿಸ್ತಿನಿಂದ ವಾರ್ಡಿಗೆ ಯಾವ ಲಾಭವೂ ಇಲ್ಲ. ಮೊದಲ ಮೂರು ತಿಂಗಳಾದರೂ ಒಬ್ಬ ನಿರ್ದಿಷ್ಟ ಹಿರಿಯಳ ಜತೆಯಲ್ಲಿ ಒಂದೇ ಪಾಳಿಗೆ ಹಾಕುವ ಕ್ರಮವುಳ್ಳ ಆಸ್ಪತ್ರೆ ಸಿಕ್ಕರೆ, ಸಂಬಳ ಸ್ವಲ್ಪ ಕಡಮೆಯಾದರೂ ಅದನ್ನೇ ಆರಿಸಿಕೊಳ್ಳುವುದು ಜಾಣತನ.

ಮೊದಲ ಸಾವು ಯಾವ ದಾದಿಯೂ ಮರೆಯದ ಅನುಭವ. ಕೊಳವೆಗಳನ್ನು ತೆಗೆದು, ದೇಹವನ್ನು ಒರೆಸಿ, ಕಣ್ಣು ಮುಚ್ಚಿಸಿ, ಹೊದಿಸಿ ಬಂಧುಗಳಿಗೆ ಒಪ್ಪಿಸಬೇಕು. ಮರುಕ್ಷಣ ಪಕ್ಕದ ಹಾಸಿಗೆಯವರಿಗೆ ನಗುಮುಖದಿಂದ ಮಾತ್ರೆ ಕೊಡಬೇಕು. ಆ ದಿನ ಐದು ನಿಮಿಷ ಅವಳನ್ನು ಪಕ್ಕಕ್ಕೆ ಕರೆದು ಒಂದು ಲೋಟ ಚಹಾ ಕುಡಿಸುವ ಹಿರಿಯಳ ಉಪಕಾರ ಬಹಳ ಕಾಲ ನೆನಪಿರುತ್ತದೆ. ರೋಗಿಯ ಬಂಧುಗಳ ಕರ್ತವ್ಯವೂ ಇಲ್ಲಿದೆ. ಹೊಸ ದಾದಿಗೆ ರಕ್ತನಾಳ ಸಿಗದೆ ಎರಡನೆಯ ಬಾರಿ ಚುಚ್ಚಬೇಕಾದಾಗ ಸುತ್ತ ನಾಲ್ವರು ನಿಂತು ಗದರಿದರೆ ಮೂರನೆಯದೂ ತಪ್ಪುತ್ತದೆ. ಔಷಧ ಎಣಿಸುತ್ತಿರುವವಳನ್ನು ಬಿಲ್ಲಿನ ವಿಚಾರ ಕೇಳಲು ನಡುವೆ ಮಾತನಾಡಿಸಬಾರದು.

ಸಂಬಳ ಮತ್ತು ಕಾಗದಪತ್ರ

2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ನಿರ್ದೇಶನದಂತೆ ಕೇಂದ್ರ ಸರಕಾರ ನೇಮಿಸಿದ ಸಮಿತಿ, ಖಾಸಗಿ ಆಸ್ಪತ್ರೆಗಳ ದಾದಿಯರ ವೇತನದ ಕುರಿತು ಶಿಫಾರಸು ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ಆಯಾ ರಾಜ್ಯ ಸರಕಾರದ ದಾದಿಯರಿಗೆ ಸಮನಾದ ವೇತನ. 100ರಿಂದ 200 ಹಾಸಿಗೆಗಳಿದ್ದಲ್ಲಿ ಅದಕ್ಕಿಂತ ಶೇಕಡಾ 10ಕ್ಕಿಂತ ಹೆಚ್ಚು ಕಡಮೆಯಾಗಬಾರದು. 50ರಿಂದ 100ರವರೆಗೆ ಶೇಕಡಾ 25. ಐವತ್ತಕ್ಕಿಂತ ಕಡಮೆ ಹಾಸಿಗೆಗಳಿದ್ದರೂ 20,000 ರೂಪಾಯಿಗೆ ಇಳಿಯಬಾರದು. ಶಿಫಾರಸು ಶಿಫಾರಸೇ, ಎಲ್ಲ ಕಡೆ ಅದು ಜಾರಿಗೆ ಬಂದಿಲ್ಲ. ಕೆಲಸ ಒಪ್ಪಿಕೊಳ್ಳುವ ಮುನ್ನ ಈ ಅಂಕಿಗಳನ್ನು ಬಲ್ಲವಳಿಗೆ ಮಾತನಾಡಲು ಒಂದು ಆಧಾರವಿರುತ್ತದೆ.

ಸಾಲ ಮಾಡಿ ಓದಿದವರ ಲೆಕ್ಕ ಬೇರೆ. 4 ಲಕ್ಷ ರೂಪಾಯಿ ಸಾಲಕ್ಕೆ ಶೇಕಡಾ 10ರ ದರದಲ್ಲಿ ಹತ್ತು ವರ್ಷಗಳ ಅವಧಿಗೆ ತಿಂಗಳ ಕಂತು ಸುಮಾರು 5,286 ರೂಪಾಯಿ ಆಗುತ್ತದೆ. 20,000 ಸಂಬಳದ ಕಾಲು ಭಾಗಕ್ಕೂ ಹೆಚ್ಚು. ಓದುವ ಕಾಲದ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟದಿದ್ದರೆ ಅಸಲು ಇನ್ನೂ ಬೆಳೆದಿರುತ್ತದೆ. ಮನೆಗೆ ಹಣ ಕಳುಹಿಸಬೇಕು, ವಸತಿಯ ಬಾಡಿಗೆ ಕೊಡಬೇಕು. ಹೀಗಾಗಿ ಎರಡು ಪಾಳಿ ಸೇರಿಸಿ ದುಡಿಯಲು ಒಪ್ಪಿ, ಆ ದಣಿವಿನಿಂದ ತಪ್ಪಿಗೆ ಸಿಲುಕುವವರಿದ್ದಾರೆ. ಆರಂಭದಲ್ಲಿಯೇ ಬ್ಯಾಂಕಿಗೆ ಹೋಗಿ ಅವಧಿಯನ್ನು ವಿಸ್ತರಿಸಿ ಕಂತನ್ನು ಇಳಿಸಿಕೊಡಲು ಸಾಧ್ಯವೇ ಎಂದು ಕೇಳುವುದರಲ್ಲಿ ಅವಮಾನವಿಲ್ಲ. ಕಂತು ಬಾಕಿ ಬಿದ್ದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳಿದವರಿಗೆ ಬಾಗಿಲು ಹೆಚ್ಚು ತೆರೆದಿರುತ್ತದೆ.

ನೋಂದಣಿಯ ವಿಷಯದಲ್ಲಿ ಅನೇಕರು ಎಡವುತ್ತಾರೆ. ದಾದಿಯರ ನೋಂದಣಿ ರಾಜ್ಯವಾರು ನಡೆಯುತ್ತ ಬಂದಿದೆ. 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಆಯೋಗದ ಕಾಯಿದೆಯನ್ನು ಅಂಗೀಕರಿಸಿದ್ದರೂ ಆಸ್ಪತ್ರೆಗಳು ಕೇಳುವುದು ಆಯಾ ರಾಜ್ಯದ ಪರಿಷತ್ತಿನ ನೋಂದಣಿಯನ್ನೇ. ಬೆಂಗಳೂರಿನಲ್ಲಿ ಪಡೆದ ನೋಂದಣಿಯನ್ನು ಹಿಡಿದು ಮುಂಬಯಿಗೆ ಬಂದವಳು ಕರ್ನಾಟಕದ ಪರಿಷತ್ತಿನಿಂದ ನಿರಾಕ್ಷೇಪಣಾ ಪತ್ರ ತರಿಸಿ ಮಹಾರಾಷ್ಟ್ರದ ಪರಿಷತ್ತಿನಲ್ಲಿ ಹೆಸರು ದಾಖಲಿಸಬೇಕು. ಇದಕ್ಕೆ ಸಮಯ ಹಿಡಿಯುವುದರಿಂದ ಊರು ಬಿಡುವ ಮುನ್ನವೇ ಅರ್ಜಿ ಹಾಕಿರಬೇಕು. ಇನ್ನು ಕೆಲವು ಆಸ್ಪತ್ರೆಗಳು ಸೇರುವಾಗ ಮೂಲ ಪ್ರಮಾಣಪತ್ರಗಳನ್ನು ಇರಿಸಿಕೊಂಡು, ಬಿಡುವಾಗ ಹಣ ಕೇಳುವ ಪದ್ಧತಿಯನ್ನು ಇಟ್ಟುಕೊಂಡಿರುವುದುಂಟು. ಪರಿಶೀಲನೆಗೆ ತೋರಿಸಿ ಆಗಲೇ ಹಿಂದಕ್ಕೆ ಪಡೆಯಬೇಕು. ಕೊಡಲೇಬೇಕಾಗಿ ಬಂದರೆ ಯಾವ ಯಾವ ಪತ್ರ, ಯಾವ ದಿನಾಂಕದಂದು ಎಂದು ನಮೂದಿಸಿದ ರಸೀತಿಯನ್ನು ಮೊಹರಿನೊಂದಿಗೆ ಬರೆಸಿಕೊಳ್ಳಬೇಕು. ಅಂಕಪಟ್ಟಿ, ಪದವಿಪತ್ರ, ನೋಂದಣಿ ಪತ್ರ, ಲಸಿಕೆಯ ಚೀಟಿ ಇವುಗಳ ದೃಢೀಕರಿಸಿದ ಪ್ರತಿಗಳ ಒಂದು ಕಟ್ಟು ಅವಳ ವಸತಿಯಲ್ಲಿರಲಿ, ಇನ್ನೊಂದು ಊರಿನ ಮನೆಯಲ್ಲಿ ತಂದೆಯ ವಶದಲ್ಲಿರಲಿ.